ಹಿರಿಯರ ಶುಶ್ರೂಷೆ: ಮೊದಲು ಕೇಳಿ, ಆಮೇಲೆ ಮುಟ್ಟಿ

ನನ್ನ ಸೋದರತ್ತೆಯವರಿಗೆ ಮರೆವಿನ ರೋಗ ಕಾಣಿಸಿಕೊಂಡಾಗ 77 ವರ್ಷ. ನಾಲ್ಕು ವರ್ಷ ಹೇಗೋ ಮನೆಯಲ್ಲೇ ನೋಡಿಕೊಂಡೆವು. ಹಗಲು ಹೊತ್ತು ಮನೆಯಲ್ಲಿ ಯಾರೂ ಇರದ ಪರಿಸ್ಥಿತಿ ಬಂದಾಗ ನಗರದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಜಾಗ ಚೊಕ್ಕಟವಾಗಿತ್ತು, ಊಟ ಹಿತವಾಗಿತ್ತು. ಆದರೆ ಎರಡನೆಯ ವಾರವೇ ದೂರು ಬಂತು: ‘ನಿಮ್ಮ ಅತ್ತೆ ಸ್ನಾನಕ್ಕೆ ಕರೆದೊಯ್ದರೆ ಕಿರುಚುತ್ತಾರೆ, ಪರಚುತ್ತಾರೆ. ನಿನ್ನೆ ಒಬ್ಬಳ ಕೈ ಕಚ್ಚಿದ್ದಾರೆ. ಡಾಕ್ಟರಿಗೆ ಹೇಳಿ ಮಂಪರಿನ ಮಾತ್ರೆ ಕೊಡಿಸೋಣವೇ?’

ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ಇಬ್ಬರು ಹುಡುಗಿಯರು ಅತ್ತೆಯನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಸೀರೆ ಬಿಚ್ಚಿ, ನೇರವಾಗಿ ತಲೆಯ ಮೇಲೆ ಷವರ್ ತಿರುಗಿಸಿದರು. ಆ ಹುಡುಗಿಯರು ಕೆಟ್ಟವರಲ್ಲ. ಒಂಬತ್ತು ಗಂಟೆಯೊಳಗೆ ಹನ್ನೊಂದು ಮಂದಿಗೆ ಸ್ನಾನ ಮಾಡಿಸುವ ಹೊಣೆ ಅವರ ಮೇಲಿತ್ತು. ಆದರೆ ಅತ್ತೆ ಮಲೆನಾಡಿನವರು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಮೊದಲು ಕಾಲಿಗೆ ಹೊಯ್ದುಕೊಳ್ಳುವವರು. ಮೈಮೇಲೆ ಒಂದು ಬಟ್ಟೆಯಿಲ್ಲದೆ ಅಪರಿಚಿತರ ಮುಂದೆ ಎಂದೂ ಕೂತವರಲ್ಲ. ಎಲ್ಲಿದ್ದೇನೆ, ಯಾರಿವರು ಎಂದು ತಿಳಿಯದ ಒಬ್ಬ ಹೆಂಗಸಿನ ಬಟ್ಟೆ ಬಿಚ್ಚಿ ತಲೆಗೆ ನೀರು ಬಿಟ್ಟರೆ ಆಕೆ ಏನು ಮಾಡಬೇಕು? ಕಿರುಚುವುದು ರೋಗದ ಲಕ್ಷಣವೋ, ಮಾನವಂತಿಕೆಯ ಲಕ್ಷಣವೋ?

ಅದರ ಮರುದಿನ ಒಂದು ತಗ್ಗಿನ ಸ್ಟೂಲು, ಒಂದು ಬಕೆಟ್ ಬಿಸಿನೀರು, ಒಂದು ಚೊಂಬು ತರಿಸಿದೆ. ಹಳೆಯ ಸೀರೆಯನ್ನು ಮೈಗೆ ಸುತ್ತಿ, ಕಾಲಿನ ಮೇಲೆ ಸ್ವಲ್ಪ ನೀರು ಹೊಯ್ದೆ. ಅತ್ತೆ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡರು. ಉಳಿದ ಸ್ನಾನವನ್ನು ಬಹುಪಾಲು ಅವರೇ ಮಾಡಿದರು. ನೋಡುತ್ತಿದ್ದ ಹುಡುಗಿಯೊಬ್ಬಳು, ‘ಮೇಡಂ, ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ’ ಎಂದಳು. ಮೂವತ್ತು ವರ್ಷ ನರ್ಸಿಂಗ್ ಪಾಠ ಹೇಳಿದ ನನಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ.

ಕಲಿಸಿದ್ದೇನು, ಬಿಟ್ಟದ್ದೇನು?

ಹಾಸಿಗೆ ಹಿಡಿದ ರೋಗಿಗೆ ಮೈ ಒರೆಸುವುದನ್ನು ನಾವು ಎಷ್ಟು ಶಿಸ್ತಿನಿಂದ ಕಲಿಸುತ್ತೇವೆಂದರೆ, ಟ್ರೇಯಲ್ಲಿ ಏನೇನಿರಬೇಕು, ಪರದೆ ಯಾವಾಗ ಎಳೆಯಬೇಕು, ಮೊದಲು ಮುಖ, ಆಮೇಲೆ ತೋಳು, ನೀರು ಯಾವಾಗ ಬದಲಿಸಬೇಕು, ಎಲ್ಲಕ್ಕೂ ಅಂಕಗಳಿವೆ. ‘ವಿಧಾನವನ್ನು ರೋಗಿಗೆ ವಿವರಿಸುವುದು’ ಎಂಬುದಕ್ಕೂ ಅಂಕ ಉಂಟು. ಆದರೆ ವಿವರಿಸುವುದು ಬೇರೆ, ಕೇಳುವುದು ಬೇರೆ. ‘ನೀವು ಮನೆಯಲ್ಲಿ ಹೇಗೆ ಸ್ನಾನ ಮಾಡುತ್ತಿದ್ದಿರಿ?’ ಎಂದು ಕೇಳಿದ ವಿದ್ಯಾರ್ಥಿನಿಗೆ ನಾನು ಒಂದು ಅಂಕವನ್ನೂ ಕೊಟ್ಟ ನೆನಪಿಲ್ಲ. ಅಂಕವಿಲ್ಲದ್ದನ್ನು ಮಕ್ಕಳು ಕಲಿಯುವುದಿಲ್ಲ. ಇದು ನನ್ನ ತಪ್ಪೂ ಹೌದು.

ಹೀಗೆ ಕೇಳಿ ತಿಳಿದು, ಆ ವ್ಯಕ್ತಿಯ ರೂಢಿ, ಇಷ್ಟಾನಿಷ್ಟ, ಭಯ, ಮರ್ಯಾದೆಗಳನ್ನು ಗಮನಿಸಿ ಮಾಡುವ ಆರೈಕೆಗೆ ‘ವ್ಯಕ್ತಿ-ಕೇಂದ್ರಿತ ಶುಶ್ರೂಷೆ’ ಎಂದು ಹೆಸರು. ಇದು ಬರೀ ಕರುಣೆಯ ಮಾತು ಎಂದು ಹಲವರು ತಿಳಿದಿದ್ದಾರೆ. ಅಲ್ಲ. ದಾದಿಯರೇ ಮುಂದೆ ನಿಂತು, ಅಳೆದು ನೋಡಿ, ಗಳಿಸಿದ ಜ್ಞಾನ ಇದರ ಹಿಂದಿದೆ.

ಸಂಶೋಧನೆ ಏನು ಹೇಳುತ್ತದೆ?

ವೃದ್ಧರ ಶುಶ್ರೂಷೆಯನ್ನು ವಿಜ್ಞಾನದ ಕಣ್ಣಿನಿಂದ ನೋಡಿದ ಮೊದಲಿಗರಲ್ಲಿ ಇಂಗ್ಲೆಂಡಿನ ದಾದಿ ಡೊರೀನ್ ನಾರ್ಟನ್ ಒಬ್ಬರು. 1962ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಹಾಸಿಗೆ ಹುಣ್ಣನ್ನು ಪರಿಶೀಲಿಸಿದರು. ಚರ್ಮಕ್ಕೆ ಹಚ್ಚುವ ಲೇಪಗಳಿಗಿಂತ ಆಗಾಗ ಮಗ್ಗುಲು ಬದಲಿಸುವುದೇ ಮುಖ್ಯ ಎಂದು ತೋರಿಸಿಕೊಟ್ಟರು. ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಗುರುತಿಸುವ ಅವರ ‘ನಾರ್ಟನ್ ಮಾಪಕ’ವನ್ನು ನರ್ಸಿಂಗ್ ಪಾಠಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ.

ಮರೆವಿನ ರೋಗಿಗಳ ವಿಷಯದಲ್ಲಿ ದೊಡ್ಡ ತಿರುವು ಕೊಟ್ಟವರು ಬ್ರಾಡ್‌ಫರ್ಡಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್. ರೋಗಿಯ ಕುಸಿತಕ್ಕೆ ಮಿದುಳಿನ ಹಾನಿಯೊಂದೇ ಕಾರಣವಲ್ಲ, ಸುತ್ತಲಿನವರ ನಡವಳಿಕೆಯೂ ಕಾರಣ ಎಂದು 1997ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮಗುವಿನಂತೆ ಕಾಣುವುದು, ಅವಸರ ಮಾಡುವುದು, ಎದುರಿಗೇ ಕೂತಿದ್ದರೂ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು ಇವೆಲ್ಲ ಅವರ ಪಟ್ಟಿಯಲ್ಲಿವೆ. ಉತ್ತರ ಐರ್ಲೆಂಡಿನ ಬ್ರೆಂಡನ್ ಮೆಕಾರ್ಮಕ್ ಮತ್ತು ತಾನ್ಯಾ ಮೆಕಾನ್ಸ್ ಎಂಬ ನರ್ಸಿಂಗ್ ಪ್ರಾಧ್ಯಾಪಕರು 2006ರಲ್ಲಿ ಈ ವಿಚಾರವನ್ನು ಶುಶ್ರೂಷೆಗೆ ಹೊಂದುವ ಒಂದು ಚೌಕಟ್ಟಾಗಿ ರೂಪಿಸಿದರು. ದಾದಿ ಒಳ್ಳೆಯವಳಾಗಿದ್ದರೆ ಸಾಲದು, ಆಕೆ ಕೆಲಸ ಮಾಡುವ ವಾರ್ಡು, ಜೊತೆಯವರು, ಮೇಲಿನವರು ಕೂಡ ಹಾಗೆ ಕೆಲಸ ಮಾಡಲು ಬಿಡಬೇಕು ಎಂಬುದು ಆ ಚೌಕಟ್ಟಿನ ತಿರುಳು.

ಇನ್ನು ಸ್ನಾನದ ಮಾತು. ನನ್ನ ಅತ್ತೆಯ ಪ್ರಸಂಗವನ್ನೇ ಅಮೆರಿಕದಲ್ಲಿ ಪ್ರಯೋಗಕ್ಕೆ ಒಳಪಡಿಸಿದ್ದಾರೆ! ವೈದ್ಯ ಫಿಲಿಪ್ ಸ್ಲೋನ್, ದಾದಿ ಜೊಆನ್ ರೇಡರ್ ಮತ್ತು ಸಂಗಡಿಗರು 15 ನರ್ಸಿಂಗ್ ಹೋಮ್‌ಗಳಲ್ಲಿ ಸ್ನಾನದ ವೇಳೆ ಜಗಳವಾಡುವ ಮರೆವಿನ ರೋಗಿಗಳನ್ನು ಗಮನಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಕ್ತಿಯ ಇಷ್ಟಕ್ಕೆ ತಕ್ಕಂತೆ ಷವರ್ ಸ್ನಾನ ಮಾಡಿಸಿದಾಗ ಹೊಡೆಯುವ, ಕಿರುಚುವ ವರ್ತನೆ ಶೇ. 53ರಷ್ಟು ಇಳಿಯಿತು. ಮೈ ಮುಚ್ಚಿದಂತೆಯೇ ಬೆಚ್ಚನೆಯ ಒದ್ದೆ ಟವೆಲಿನಿಂದ ಹಾಸಿಗೆಯಲ್ಲೇ ಒರೆಸಿದಾಗ ಶೇ. 60ರಷ್ಟು ಇಳಿಯಿತು. ಮಾತ್ರೆಯ ಸಹಾಯದಿಂದಲ್ಲ, ಕೇಳಿ ಮಾಡಿದ್ದರಿಂದ.

ಕಟ್ಟಿಹಾಕುವುದು ರಕ್ಷಣೆಯಲ್ಲ

ನಮ್ಮ ಆಸ್ಪತ್ರೆಗಳಲ್ಲಿ ನೀವು ನೋಡಿರಬಹುದು. ರಾತ್ರಿ ಎದ್ದು ಓಡಾಡುವ ವೃದ್ಧರ ಕೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟುತ್ತಾರೆ. ‘ಬಿದ್ದುಬಿಟ್ಟರೆ ಕಷ್ಟ’ ಎಂಬ ಕಾರಣ ಕೊಡುತ್ತಾರೆ. ಮನೆಯವರೂ ಒಪ್ಪುತ್ತಾರೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ದಾದಿಯರಾದ ಲೋಯಿಸ್ ಇವಾನ್ಸ್ ಮತ್ತು ನೆವಿಲ್ ಸ್ಟ್ರಂಪ್ಫ್ 1980ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ಕಟ್ಟಿಹಾಕುವುದರಿಂದ ಬೀಳುವುದು ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಬದಲಿಗೆ ಸ್ನಾಯುಗಳು ಸೋಲುತ್ತವೆ, ಹಾಸಿಗೆ ಹುಣ್ಣಾಗುತ್ತದೆ, ಗಾಬರಿ, ಗೊಂದಲ ಹೆಚ್ಚುತ್ತವೆ. ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕಿಸಿಕೊಳ್ಳದೆ ಇರುವುದು ನರ್ಸಿಂಗ್ ಹೋಮ್ ನಿವಾಸಿಗಳ ಹಕ್ಕು ಎಂದು ಅಮೆರಿಕ 1987ರಲ್ಲೇ ಕಾನೂನು ಮಾಡಿತು.

1997ರಲ್ಲಿ ಇವರು ಪ್ರಕಟಿಸಿದ ಪ್ರಯೋಗದಿಂದ ನಮ್ಮಂಥ ಶಿಕ್ಷಕರು ಕಲಿಯುವುದಿದೆ. ಮೂರು ನರ್ಸಿಂಗ್ ಹೋಮ್‌ಗಳನ್ನು ಆರಿಸಿಕೊಂಡರು. ಒಂದರಲ್ಲಿ ಸಿಬ್ಬಂದಿಗೆ ಪಾಠ ಮಾತ್ರ. ಇನ್ನೊಂದರಲ್ಲಿ ಪಾಠದ ಜೊತೆಗೆ, ವೃದ್ಧರ ಆರೈಕೆಯಲ್ಲಿ ಪರಿಣತಳಾದ ದಾದಿಯೊಬ್ಬಳು ಸಿಬ್ಬಂದಿಯ ಜೊತೆ ನಿಂತು, ಕಷ್ಟದ ಒಬ್ಬೊಬ್ಬ ರೋಗಿಯ ವಿಷಯದಲ್ಲೂ ಸಲಹೆ ಕೊಡುತ್ತಿದ್ದಳು. ಮೂರನೆಯದರಲ್ಲಿ ಎಂದಿನಂತೆ. ಕಟ್ಟಿಹಾಕುವುದು ಅತಿ ಹೆಚ್ಚು ಕಡಿಮೆಯಾದದ್ದು ಎರಡನೆಯದರಲ್ಲಿ. ಅದಕ್ಕಾಗಿ ಸಿಬ್ಬಂದಿಯನ್ನು ಹೆಚ್ಚಿಸಲಿಲ್ಲ, ಬಿದ್ದು ಗಾಯವಾಗುವುದೂ ಹೆಚ್ಚಲಿಲ್ಲ. ಅಂದರೆ ಕರಿಹಲಗೆಯ ಮುಂದಿನ ಪಾಠ ಸಾಲದು, ಮಂಚದ ಪಕ್ಕದ ಪಾಠ ಬೇಕು.

‘ಜಾಣೆ ಅಲ್ವಾ, ಆ ಮಾಡು’

ಮಾತಿನ ವಿಷಯಕ್ಕೆ ಬನ್ನಿ. ಕ್ಯಾನ್ಸಸ್ಸಿನ ದಾದಿ-ಸಂಶೋಧಕಿ ಕ್ರಿಸ್ಟಿನ್ ವಿಲಿಯಮ್ಸ್ ಆರೈಕೆಯ ಸಮಯದ ವಿಡಿಯೊಗಳನ್ನು ಪರಿಶೀಲಿಸಿ 2009ರಲ್ಲಿ ಒಂದು ಸಂಗತಿ ತಿಳಿಸಿದರು. ಮರೆವಿನ ರೋಗಿಗಳೊಂದಿಗೆ ಮಕ್ಕಳ ಜೊತೆ ಆಡುವಂತೆ ಮಾತಾಡಿದಾಗ ಅವರು ಪ್ರತಿಭಟಿಸುವುದು ಹೆಚ್ಚು. ದೊಡ್ಡವರೊಡನೆ ಮಾತಾಡುವಂತೆ ಆಡಿದಾಗ ಕಡಿಮೆ.

ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ. ನಮ್ಮಲ್ಲಿ ‘ನೀನು’ ಇದೆ, ‘ನೀವು’ ಇದೆ. ನಲವತ್ತು ವರ್ಷ ಊರೆಲ್ಲ ‘ಮೇಷ್ಟ್ರೇ’ ಎಂದು ಕರೆದ ವ್ಯಕ್ತಿಯನ್ನು ಆಸ್ಪತ್ರೆಯ ಅಂಗಿ ತೊಡಿಸಿದ ಕೂಡಲೆ ‘ತಾತಾ, ಬಾಯಿ ತೆಗಿ’ ಎನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ, ನಿಜ. ಕೆಲವರಿಗೆ ‘ಅಜ್ಜಿ’ ಎಂಬ ಮಾತು ಮನೆಯವರ ಸಲುಗೆಯಾಗಿ ಕೇಳುತ್ತದೆ, ಕೆಲವರಿಗೆ ಪೆಟ್ಟಿನಂತೆ ಕೇಳುತ್ತದೆ. ಯಾರಿಗೆ ಯಾವುದು ಎಂದು ತಿಳಿಯುವ ದಾರಿ ಒಂದೇ: ‘ನಿಮ್ಮನ್ನು ಏನೆಂದು ಕರೆಯಲಿ?’

‘ಸಮಯವೆಲ್ಲಿದೆ?’

ದಾದಿಯರು ಈ ಮಾತು ಕೇಳಿದರೆ ನಾನು ತಲೆ ತಗ್ಗಿಸುತ್ತೇನೆ. ಒಬ್ಬಳೇ ದಾದಿ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡು ನೋಡಿಕೊಳ್ಳುವ ಕಡೆ ‘ವ್ಯಕ್ತಿಯನ್ನು ಅರಿಯಿರಿ’ ಎಂದು ಉಪದೇಶಿಸುವುದು ಸುಲಭ. ಸಿಬ್ಬಂದಿ ಹೆಚ್ಚಬೇಕು, ಸಂಬಳ ಹೆಚ್ಚಬೇಕು, ಅನುಮಾನವಿಲ್ಲ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಿ. ಮೇಲೆ ಹೇಳಿದ ಸ್ನಾನದ ಪ್ರಯೋಗದಲ್ಲಿ ಇಷ್ಟದಂತೆ ಷವರ್ ಮಾಡಿಸಲು ಹಿಡಿದ ಹೆಚ್ಚಿನ ಸಮಯ ಸರಾಸರಿ ಸುಮಾರು ಮೂರು ನಿಮಿಷ. ಟವೆಲ್ ಸ್ನಾನಕ್ಕೆ ಹೆಚ್ಚು ಸಮಯವೇ ಹಿಡಿಯಲಿಲ್ಲ. ಇಬ್ಬರು ಸೇರಿ ಒಬ್ಬ ಅಜ್ಜಿಯನ್ನು ಹಿಡಿದುಕೊಂಡು ಗುದ್ದಾಡುವುದಕ್ಕೆ ಎಷ್ಟು ಹೊತ್ತು ಬೇಕು, ಹೇಳಿ?

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇಂಗರ್ ಎಕ್ಮನ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿ ಮತ್ತು ಅವರ ತಂಡ ಹೃದಯ ದುರ್ಬಲಗೊಂಡ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ರೋಗಿಯ ಕಥೆಯನ್ನು ಮೊದಲು ಕೇಳಿ, ಅವರ ಜೊತೆ ಕೂತು ಯೋಜನೆ ಮಾಡಿ, ಅದನ್ನು ಬರೆದಿಟ್ಟು ಪೂರ್ತಿ ಪಾಲಿಸಿದ ಕಡೆ ಆಸ್ಪತ್ರೆ ವಾಸ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಅರೆಮನಸ್ಸಿನಿಂದ ಮಾಡಿದಲ್ಲಿ ಅಷ್ಟು ಲಾಭ ಕಾಣಲಿಲ್ಲ. ಇದರಿಂದ ಮರೆವಿನ ರೋಗ ವಾಸಿಯಾಗುತ್ತದೆ, ಮುಪ್ಪು ಹಿಂದಕ್ಕೆ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಉಳಿದ ದಿನಗಳಲ್ಲಿ ಭಯ, ಅವಮಾನ ಕಡಿಮೆಯಾಗುತ್ತವೆ. ಅದು ಸಣ್ಣ ಮಾತಲ್ಲ.

ನಮ್ಮಲ್ಲಿ ಆಗಬೇಕಾದದ್ದು

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆವಿನ ರೋಗವಿದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ವೃದ್ಧರ ಶುಶ್ರೂಷೆಗೆ ಜಾಗವಿದೆ. ಆದರೆ ಅದು ವಯಸ್ಕರ ಶುಶ್ರೂಷೆಯ ಪತ್ರಿಕೆಯೊಳಗಿನ ಒಂದು ಭಾಗ. ಇದು ಸಾಲದು ಎಂದು ನನ್ನ ಅಭಿಪ್ರಾಯ. ಪ್ರತಿ ವಿದ್ಯಾರ್ಥಿಯೂ ಒಬ್ಬ ಹಿರಿಯರ ಜೊತೆ ಹಲವು ವಾರ ಒಡನಾಡಿ, ಅವರ ಜೀವನದ ಕಥೆ ಬರೆದು, ಅದರ ಆಧಾರದ ಮೇಲೆ ಶುಶ್ರೂಷೆಯ ಯೋಜನೆ ಮಾಡಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ‘ಕೇಳಿದಳೇ?’ ಎಂಬುದಕ್ಕೆ ಅಂಕ ಇರಬೇಕು. ಎಂ.ಎಸ್ಸಿ. ವಿದ್ಯಾರ್ಥಿಗಳು ನಮ್ಮ ಮಣೆ, ಚೊಂಬು, ನೆಲದ ಹಾಸಿಗೆ, ಕೈತುತ್ತುಗಳ ಬಗ್ಗೆ ಸಂಶೋಧನೆ ಮಾಡಬೇಕು. ಅಮೆರಿಕದ ಟವೆಲ್ ಸ್ನಾನ ನಮ್ಮವರಿಗೆ ಹಿಡಿಸುತ್ತದೆಯೇ ಎಂದು ನಾವಲ್ಲದೆ ಇನ್ನಾರು ನೋಡಬೇಕು?

ಇನ್ನೊಂದು ಮಾತು. ಮನೆಗಳಲ್ಲಿ ‘ಹೋಂ ನರ್ಸ್’ ಎಂದು ಬರುವ ಹೆಣ್ಣುಮಕ್ಕಳಲ್ಲಿ ಅನೇಕರು ನರ್ಸಿಂಗ್ ಓದಿದವರಲ್ಲ. ಹಿರಿಯರ ಹತ್ತಿರ ಹೆಚ್ಚು ಹೊತ್ತು ಇರುವವರು ಅವರೇ. ನರ್ಸಿಂಗ್ ಕಾಲೇಜುಗಳು ಇವರಿಗೆ ಕನ್ನಡದಲ್ಲಿ ಸಣ್ಣ ತರಬೇತಿ ಕೊಡಬಾರದೇಕೆ?

ಮನೆಯವರು ಮಾಡಬಹುದಾದದ್ದು

ಎಲ್ಲವೂ ಕಾಲೇಜಿನಿಂದ ಬರಲಿ ಎಂದು ಕಾಯಬೇಕಿಲ್ಲ. ಬ್ರಿಟನ್ನಿನ ಅಲ್ಝೈಮರ್ಸ್ ಸೊಸೈಟಿ ‘ಇದು ನಾನು’ ಎಂಬ ಅರ್ಥದ ಹೆಸರಿನ ಒಂದು ಚಿಕ್ಕ ಹಾಳೆಯನ್ನು ಹಂಚುತ್ತದೆ. ಮರೆವಿನ ರೋಗಿ ಆಸ್ಪತ್ರೆಗೆ ಹೋದಾಗ ಮನೆಯವರು ಅದನ್ನು ತುಂಬಿ ದಾದಿಗೆ ಕೊಡುತ್ತಾರೆ. ನೀವೂ ಒಂದು ನೋಟ್‌ಬುಕ್ ಹಾಳೆಯಲ್ಲಿ ಬರೆದುಕೊಡಬಹುದು:

1. ಅವರನ್ನು ಏನೆಂದು ಕರೆದರೆ ಇಷ್ಟ? ಯಾವ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ?

2. ಏನು ಕೆಲಸ ಮಾಡುತ್ತಿದ್ದರು? ಯಾವ ಹೆಸರುಗಳನ್ನು ಪದೇ ಪದೇ ನೆನೆಯುತ್ತಾರೆ?

3. ಏಳುವುದು, ಮಲಗುವುದು, ಸ್ನಾನ, ಶೌಚದ ರೂಢಿ ಹೇಗೆ? ಕಾಫಿಯೋ, ಚಹಾವೋ? ತಿನ್ನದ ಪದಾರ್ಥ ಯಾವುದು?

4. ನೋವಾದಾಗ, ಮೂತ್ರಕ್ಕೆ ಅವಸರವಾದಾಗ ಹೇಗೆ ತೋರಿಸುತ್ತಾರೆ?

5. ಯಾವುದಕ್ಕೆ ಹೆದರುತ್ತಾರೆ? ಯಾವುದರಿಂದ ಸಮಾಧಾನವಾಗುತ್ತಾರೆ?

ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟನ್ನು ಆಸ್ಪತ್ರೆಗೆ ಮರೆಯದೆ ಒಯ್ಯಿರಿ. ಕಾಣದೆ, ಕೇಳದೆ ಇದ್ದರೆ ಗೊಂದಲ ಹೆಚ್ಚುತ್ತದೆ. ಕೈ ಕಟ್ಟಿದ್ದು ಕಂಡರೆ ಜಗಳ ಮಾಡಬೇಡಿ, ಆದರೆ ‘ಏಕೆ ಕಟ್ಟಿದ್ದೀರಿ, ಬೇರೆ ದಾರಿ ಇದೆಯೇ, ನಾವೊಬ್ಬರು ಹತ್ತಿರ ಕೂರಬಹುದೇ?’ ಎಂದು ಕೇಳಿ.

ಒಂದು ಎಚ್ಚರಿಕೆ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡಿದರೆ, ಜಗಳಕ್ಕೆ ನಿಂತರೆ ಅಥವಾ ಮಂಕಾಗಿ ಮಲಗಿದರೆ ಅದನ್ನು ‘ವಯಸ್ಸಾಯಿತು’ ಎಂದು ಬಿಡಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ನೋವು, ಹೊಸ ಮಾತ್ರೆ, ನಿರ್ಜಲತೆ ಯಾವುದೂ ಕಾರಣವಾಗಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ನನ್ನ ಅತ್ತೆ ಆ ಕೇಂದ್ರದಲ್ಲಿ ಇನ್ನೂ ಎರಡು ವರ್ಷ ಬದುಕಿದ್ದರು. ಕೊನೆಯ ತಿಂಗಳುಗಳಲ್ಲಿ ನನ್ನ ಗುರುತು ಅವರಿಗೆ ಸಿಗುತ್ತಿರಲಿಲ್ಲ. ಆದರೆ ಮಂಪರಿನ ಮಾತ್ರೆ ಬೇಕಾಗಲಿಲ್ಲ. ಬಚ್ಚಲಲ್ಲಿ ಆ ತಗ್ಗಿನ ಸ್ಟೂಲು ಕೊನೆಯವರೆಗೂ ಇತ್ತು. ಅವರು ಹೋದ ಮೇಲೆ ಅದನ್ನು ವಾಪಸು ತರಲು ಹೋದಾಗ, ‘ಇರಲಿ ಬಿಡಿ ಮೇಡಂ, ಈಗ ಮೂರು ಜನ ಅದರ ಮೇಲೇ ಕೂರುತ್ತಾರೆ’ ಎಂದರು ಆ ಹುಡುಗಿಯರು. ಬಿಟ್ಟು ಬಂದೆ.