ದೃಶ್ಯದ ಭರದಲ್ಲಿ ನುಡಿ ಮರೆಯಾಗದಿರಲಿ

ಬಸವ ಜಯಂತಿ ಸಮೀಪಿಸಿದಂತೆ ನಮ್ಮ ಮನೆಗಳ ಯುವಕ ಯುವತಿಯರು ತಾವು ಹಾಡಿದ ವಚನಗಳಿಗೆ ದೃಶ್ಯ ಜೋಡಿಸಿ ಬಂಧುಬಳಗಕ್ಕೆ ಕಳುಹಿಸುವುದು ಈಗ ವಾಡಿಕೆಯಾಗಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅಂತಹ ಅನೇಕವನ್ನು ನೋಡಿ ಮುಗಿಸಿದ ಮೇಲೆ ಮನದಲ್ಲಿ ಉಳಿಯುವುದು ಹೂಮಳೆ, ಥಳಥಳಿಸುವ ಪ್ರಭಾವಳಿ, ಕ್ಷಣಕ್ಷಣಕ್ಕೂ ಬದಲಾಗುವ ಚಿತ್ರ. ವಚನವೆಂದರೆ ಮಾತು, ಆ ಮಾತೇ ಮರೆಯಾದರೆ ಉಳಿದುದರಿಂದ ಫಲವೇನು? ಹಾಡಿಗೆ ದೃಶ್ಯ ಕಟ್ಟುವುದರಲ್ಲಿ ಪಳಗಿದವರ ಕೆಲಸವನ್ನು ಈ ತಿಂಗಳು ಪರಿಶೀಲಿಸೋಣ. ಅವರ ಹಾಡಿನ ವಸ್ತು ನಮ್ಮದಲ್ಲದಿರಬಹುದು. ವಿಧಾನವನ್ನು ಕಲಿಯಲು ಅದು ಅಡ್ಡಿಯಲ್ಲ.

ಮೊದಲನೆಯದು 1965ರದು. ಅಮೆರಿಕದ ಗಾಯಕ ಬಾಬ್ ಡಿಲನ್ ಲಂಡನ್ನಿನ ಸವಾಯ್ ಹೋಟೆಲಿನ ಹಿಂದಿನ ಓಣಿಯಲ್ಲಿ ನಿಂತು, 'ಸಬ್‌ಟೆರೇನಿಯನ್ ಹೋಮ್‌ಸಿಕ್ ಬ್ಲೂಸ್' ಎಂಬ ತಮ್ಮ ಹಾಡಿನ ಆಯ್ದ ಪದಗಳನ್ನು ಬರೆದ ಹಾಳೆಗಳನ್ನು ಒಂದೊಂದಾಗಿ ತೋರಿಸಿ ಕೆಳಗೆ ಬೀಳಿಸುತ್ತ ಹೋದರು. ತುಟಿಯನ್ನೂ ಅಲುಗಿಸಲಿಲ್ಲ. ಡಿ. ಎ. ಪೆನ್ನೆಬೇಕರ್ ಅದನ್ನು ನಡುವೆ ಎಲ್ಲಿಯೂ ಕತ್ತರಿಸದೆ ಚಿತ್ರಿಸಿ, 1967ರ ತಮ್ಮ 'ಡೋಂಟ್ ಲುಕ್ ಬ್ಯಾಕ್' ಸಾಕ್ಷ್ಯಚಿತ್ರದ ಆರಂಭದಲ್ಲಿರಿಸಿದರು. ಇಲ್ಲಿ ಗಮನಿಸಬೇಕಾದುದು, ಹಾಳೆಯ ಮೇಲೆ ಇಡೀ ಸಾಲಿಲ್ಲ, ಆಯ್ದ ಪದಗಳಷ್ಟೇ ಇವೆ ಎಂಬುದು. ಇಡೀ ಸಾಲನ್ನು ಬರೆದರೆ ನೋಡುವವರು ಓದತೊಡಗುತ್ತಾರೆ, ಕೇಳುವುದನ್ನು ಬಿಡುತ್ತಾರೆ. ತಾಡವೋಲೆಗಳಲ್ಲಿ ಉಳಿದು ಬಂದ ವಚನಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಮಕ್ಕಳು ವಚನದ ಎಂಟು ಹತ್ತು ಪದಗಳನ್ನು ದಪ್ಪಕ್ಷರದಲ್ಲಿ ಬರೆಯಲಿ. ಹಾಳೆಯನ್ನು ನೆಲಕ್ಕೆ ಬೀಳಿಸದೆ ಪಕ್ಕದವರ ಕೈಗೆ ಕೊಡಲಿ. ಕೊನೆಯ ಹಾಳೆಯಲ್ಲಿ ಅಂಕಿತವಿರಲಿ.

ಎರಡನೆಯದು 2000ದಲ್ಲಿ ಬಂದ ಕೋಲ್ಡ್‌ಪ್ಲೇ ತಂಡದ 'ಯೆಲ್ಲೊ'. ಇಂಗ್ಲೆಂಡಿನ ಸ್ಟಡ್‌ಲ್ಯಾಂಡ್ ಕಡಲತೀರದಲ್ಲಿ ಬಿಸಿಲಿನ ದಿನ ಇಡೀ ತಂಡವನ್ನು ಚಿತ್ರಿಸುವ ಯೋಜನೆಯಿತ್ತು. ಆದರೆ ಹವಾಮಾನ ಕೆಟ್ಟಿತು. ವಾದಕರೊಬ್ಬರ ತಾಯಿಯ ಅಂತ್ಯಕ್ರಿಯೆಯೂ ಅದೇ ದಿನವಿತ್ತು. ಕೊನೆಗೆ ಗಾಯಕರೊಬ್ಬರೇ ತೀರದಲ್ಲಿ ನಡೆಯುತ್ತ ಹಾಡುವ ಒಂದೇ ಅಖಂಡ ದೃಶ್ಯ ಉಳಿಯಿತು. ಇಲ್ಲದಿರುವುದೇ ಅದರ ಬಲವಾಯಿತು.

ಅದರಲ್ಲಿ ಅಲೆಗಳು ನಿಧಾನವಾಗಿ ಚಲಿಸಿದರೂ ತುಟಿಯ ಚಲನೆ ಹಾಡಿಗೆ ಸರಿಯಾಗಿ ಹೊಂದುತ್ತದೆ. ಇದರ ಗುಟ್ಟು ಸರಳ. ಧ್ವನಿಮುದ್ರಿತ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿ, ಗಾಯಕರು ಅದಕ್ಕೆ ತುಟಿ ಹೊಂದಿಸುವಾಗ ಸೆಕೆಂಡಿಗೆ ಇಮ್ಮಡಿ ಚಿತ್ರಗಳನ್ನು ತೆಗೆಯುತ್ತಾರೆ. ಬಳಿಕ ಅದನ್ನು ಅರ್ಧ ವೇಗದಲ್ಲಿ ತೋರಿಸುತ್ತಾರೆ. ನಮ್ಮ ಮೊಬೈಲಿನಲ್ಲಿಯೂ ಇದು ಸಾಧ್ಯ. ನಾಲ್ಕು ನಿಮಿಷದ ವಚನಗಾಯನವನ್ನು ಎರಡು ನಿಮಿಷಕ್ಕೆ ಇಳಿಸಿ ನುಡಿಸಿರಿ, ಸೆಕೆಂಡಿಗೆ 60 ಚಿತ್ರಗಳಂತೆ ಸೆರೆಹಿಡಿಯಿರಿ, 30ರಂತೆ ತೋರಿಸಿರಿ. ಮತ್ತೆ ನಾಲ್ಕು ನಿಮಿಷವಾಗುತ್ತದೆ. ತುಟಿ ಹಾಡಿನೊಡನೆ ಸಾಗುತ್ತದೆ, ದೀಪದ ಕುಡಿ ಮಾತ್ರ ಮೆಲ್ಲಗೆ ಅಲುಗುತ್ತದೆ.

ಮೂರನೆಯದು ನಮಗೆಲ್ಲ ಪರಿಚಿತ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಬಂದ 'ಮಿಲೇ ಸುರ್ ಮೇರಾ ತುಮ್ಹಾರಾ'. ನಮ್ಮ ಗದುಗಿನ ನೆಲದ ಪಂಡಿತ ಭೀಮಸೇನ ಜೋಶಿಯವರ ಕಂಠದಿಂದ ಹೊರಟ ಆ ಹಾಡು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹರಿಯುತ್ತದೆ. ಭಾಷೆ ಬದಲಾದಂತೆ ಊರೂ ಮುಖವೂ ಬದಲಾಗುತ್ತವೆ; ಚಿತ್ರ ಬದಲಾಗುವುದಕ್ಕೆ ಹಾಡಿನಲ್ಲಿಯೇ ಕಾರಣವಿದೆ. ಹುಬ್ಬಳ್ಳಿ, ಸೊಲ್ಲಾಪುರ, ಅಮೆರಿಕಗಳಲ್ಲಿ ಹಂಚಿಹೋದ ಕುಟುಂಬವೊಂದು ವಚನದ ಒಂದೊಂದು ಸಾಲನ್ನು ಹಂಚಿಕೊಂಡು ಹಾಡಬಹುದು. ಶ್ರುತಿ ಲಯಗಳು ಕೂಡಬೇಕಾದರೆ ಎಲ್ಲರೂ ಒಂದೇ ತಂಬೂರಿಯ ಮುದ್ರಿಕೆಯನ್ನು ಕಿವಿಗೆ ಇಟ್ಟುಕೊಂಡು ಹಾಡಬೇಕು.

ಹೀಗೆ ಅಭ್ಯಾಸಕ್ಕೆಂದು ಯಾವುದೇ ಹಾಡನ್ನು ನೋಡುವಾಗ ಮೂರು ಸಲ ನೋಡುವುದೊಳಿತು. ಮೊದಲು ಧ್ವನಿ ನಿಲ್ಲಿಸಿ ನೋಡಿರಿ, ಅನಂತರ ಕಣ್ಣು ಮುಚ್ಚಿ ಕೇಳಿರಿ, ಮೂರನೆಯ ಸಲ ಚಿತ್ರ ಎಷ್ಟು ಬಾರಿ ಬದಲಾಯಿತು, ಏಕೆ ಬದಲಾಯಿತು ಎಂದು ಗುರುತು ಹಾಕಿಕೊಳ್ಳಿರಿ. ಕಾರಣವಿಲ್ಲದ ಬದಲಾವಣೆಯನ್ನು ನಿಮ್ಮ ಕೃತಿಯಿಂದ ತೆಗೆದುಹಾಕಿರಿ. ಅನ್ಯರ ಗಾಯನವನ್ನು ಬಳಸುವುದಾದರೆ ಅವರ ಒಪ್ಪಿಗೆ ಪಡೆಯಿರಿ. ಮನೆಯವರೇ ಹಾಡಿದರೆ ಇನ್ನೂ ಲೇಸು.

ಸಿದ್ಧವಾದುದನ್ನು ಊರಿಗೆಲ್ಲ ಕಳುಹಿಸುವ ಮುನ್ನ ಮನೆಯ ಹಿರಿಯರಿಗೊಮ್ಮೆ ತೋರಿಸಿರಿ. ಚೆನ್ನಾಗಿದೆಯೇ ಎಂದು ಕೇಳಬೇಡಿರಿ. ವಚನ ಏನು ಹೇಳಿತೆಂದು ಕೇಳಿರಿ. ಅವರು ಅದನ್ನು ಹೇಳಬಲ್ಲರಾದರೆ ನಿಮ್ಮ ಕಾಯಕ ಸಾರ್ಥಕವಾಯಿತೆಂದು ತಿಳಿಯಿರಿ.