ಪತ್ರಕ್ಕೆ ಸಾಕ್ಷಿ ಆವಕ–ಜಾವಕ ವಹಿ

ಬ್ರಿಟನ್ನಿನ ಚುನಾವಣೆಗೆ ನಾಲ್ಕೇ ದಿನ ಬಾಕಿ ಇತ್ತು. 1924ರ ಅಕ್ಟೋಬರ್ 25ರಂದು ‘ಡೈಲಿ ಮೇಲ್’ ಪತ್ರಿಕೆ ಮಾಸ್ಕೋದಿಂದ ಬಂದದ್ದೆನ್ನಲಾದ ಪತ್ರವೊಂದನ್ನು ಅಚ್ಚು ಹಾಕಿತು. ಮಾಸ್ಕೋದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಘಟನೆ ಕಾಮಿಂಟರ್ನ್‌ನ ಮುಖ್ಯಸ್ಥ ಗ್ರಿಗರಿ ಜಿನೊವಿಯೆವ್ ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷಕ್ಕೆ ಬರೆದದ್ದು ಎಂಬುದು ಪತ್ರಿಕೆಯ ಹೇಳಿಕೆ. ಕಾರ್ಮಿಕರನ್ನು ಎಬ್ಬಿಸಿ, ಸೈನ್ಯದೊಳಗೂ ನಿಮ್ಮ ಜನರನ್ನು ಬೆಳೆಸಿ ಎಂಬುದು ಅದರ ಸಾರ. ಸೋವಿಯತ್ ರಷ್ಯಾಕ್ಕೆ ಮಾನ್ಯತೆ ಕೊಟ್ಟಿದ್ದ ರ‍್ಯಾಮ್ಸೆ ಮೆಕ್‌ಡೊನಾಲ್ಡ್ ಅವರ ಲೇಬರ್ ಸರ್ಕಾರ ಉರುಳಿತು. ಪಕ್ಷದ ಬಲ 191ರಿಂದ 151ಕ್ಕೆ ಇಳಿಯಿತು. ಪತ್ರವೇ ಸೋಲಿಸಿತು ಎಂದು ಲೇಬರ್ ಪಕ್ಷದವರು ದಶಕಗಳ ಕಾಲ ಹೇಳಿಕೊಂಡರು. ಅದು ಪೂರ್ತಿ ನಿಜವಲ್ಲ. ಅವರ ಮತಗಳು ಹತ್ತು ಲಕ್ಷದಷ್ಟು ಹೆಚ್ಚೇ ಆಗಿದ್ದವು. ನೆಲ ಕಚ್ಚಿದ್ದು ಲಿಬರಲ್ಲರು.

ಪತ್ರ ಅಸಲಿಯೋ ನಕಲಿಯೋ ಎಂಬ ಜಗಳ ಮೊದಲು ನಡೆದದ್ದು ಪತ್ರದ ಮೈಮೇಲೆ. ಲಂಡನ್ನಿನಲ್ಲಿದ್ದ ಸೋವಿಯತ್ ಪ್ರತಿನಿಧಿ ರಕೋವ್‌ಸ್ಕಿ ಕೂಡಲೇ ತಪ್ಪು ಎತ್ತಿ ತೋರಿಸಿದರು. ಶಿರೋನಾಮೆಯಲ್ಲಿ ‘ಮೂರನೇ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್’ ಎಂದಿದೆ, ನಮ್ಮವರು ಹಾಗೆ ಬರೆಯುವುದೇ ಇಲ್ಲ. ಜಿನೊವಿಯೆವ್ ಹೆಸರಿನ ಜೊತೆಗಿರುವ ಪದನಾಮವೂ ತಪ್ಪು ಎಂದರು. ಅವರ ವಾದದಲ್ಲಿ ಹುರುಳಿತ್ತು. ಆದರೆ ಈ ಬಗೆಯ ಪರೀಕ್ಷೆಯನ್ನು ನೆಚ್ಚಿ ಕೂರುವಂತಿಲ್ಲ. ಅಸಲಿ ಕಚೇರಿಗಳೂ ತಪ್ಪು ಬರೆಯುತ್ತವೆ, ನುರಿತ ಖೋಟಾಕಾರ ಒಂದೂ ತಪ್ಪು ಮಾಡದೆ ಇರಬಹುದು. ಅದಕ್ಕಿಂತ ಮುಖ್ಯವಾಗಿ, ಮೂಲ ಪತ್ರ ಯಾರ ಕೈಗೂ ಸಿಗಲೇ ಇಲ್ಲ. ಲಂಡನ್ ತಲುಪಿದ್ದು ಲಾಟ್ವಿಯಾದ ರಿಗಾದಿಂದ ಬ್ರಿಟಿಷ್ ಗುಪ್ತಚರರು ಕಳಿಸಿದ ಪ್ರತಿ ಮಾತ್ರ.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಬೇಕಾಯಿತು. ಪತ್ರದಲ್ಲಿ ಏನಿದೆ ಎಂಬುದನ್ನು ಬದಿಗಿಟ್ಟು, ಅದು ಯಾವ ತಾರೀಖು ಯಾವ ಮೇಜಿಗೆ ಬಂತು, ಯಾರು ಏನು ಷರಾ ಬರೆದರು, ಮುಂದಕ್ಕೆ ಕಳಿಸಿದವರು ಯಾರು ಎಂದು ಕೇಳಬೇಕಾಯಿತು. ಪತ್ರವೊಂದನ್ನು ಖೋಟಾ ಮಾಡುವುದು ಸುಲಭ. ಅದು ಹಾದುಬಂದ ಕಚೇರಿಗಳ ದಫ್ತರವನ್ನೆಲ್ಲ ಖೋಟಾ ಮಾಡುವುದು ಕಷ್ಟ. ಈ ಕೆಲಸ ಸರಿಯಾಗಿ ನಡೆಯಲು ಮುಕ್ಕಾಲು ಶತಮಾನ ಹಿಡಿಯಿತು. ವಿದೇಶಾಂಗ ಸಚಿವ ರಾಬಿನ್ ಕುಕ್ ತಮ್ಮ ಇಲಾಖೆಯ ಮುಖ್ಯ ಇತಿಹಾಸಕಾರರಾಗಿದ್ದ ಗಿಲ್ ಬೆನೆಟ್ ಅವರಿಗೆ ಇದನ್ನು ವಹಿಸಿದರು, ಗುಪ್ತಚರ ಸಂಸ್ಥೆಯ ಕಡತಗಳನ್ನೂ ತೆರೆಸಿದರು. ವರದಿ 1999ರಲ್ಲಿ ಬಂತು.

ಅದರಲ್ಲಿ ಒಂದು ಸಂಗತಿ ಕಚೇರಿಯ ಒಡನಾಟವಿರುವ ಯಾರಿಗಾದರೂ ಥಟ್ಟನೆ ಅರ್ಥವಾಗುತ್ತದೆ. ಪತ್ರ ಬಂದಾಗ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿ ಐರ್ ಕ್ರೋ ಇದಕ್ಕೆ ಬೇರೆ ಪುರಾವೆ ಇದೆಯೇ ಎಂದು ಕೇಳಿದ್ದರು. ಇದೆ ಎಂದರು ಗುಪ್ತಚರ ಅಧಿಕಾರಿ ಡೆಸ್ಮಂಡ್ ಮಾರ್ಟನ್. ಕಮ್ಯುನಿಸ್ಟ್ ಪಕ್ಷದೊಳಗಿನ ನಮ್ಮ ಏಜೆಂಟನೇ ಹೇಳಿದ್ದಾನೆ, ಪಕ್ಷದ ಸಭೆಯಲ್ಲಿ ಈ ಪತ್ರದ ಚರ್ಚೆಯೂ ಆಗಿದೆ ಎಂಬುದು ಅವರ ಉತ್ತರ. ಆದರೆ ಅದೇ ಏಜೆಂಟ್ ಬರೆದುಕೊಟ್ಟ ವರದಿಯಲ್ಲಿ ಮಾಸ್ಕೋ ಪತ್ರದ ಸುದ್ದಿಯೇ ಇಲ್ಲ! ಬಾಯಿಮಾತಿನಲ್ಲಿ ಹುಟ್ಟಿದ ‘ಖಚಿತ ಪುರಾವೆ’ ಕಡತಕ್ಕೆ ಏರಿತ್ತು. ಇನ್ನೊಂದು: ವಿದೇಶಾಂಗ ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದ ಮೆಕ್‌ಡೊನಾಲ್ಡ್, ಪ್ರಚಾರದ ಓಡಾಟದ ನಡುವೆ ಸೋವಿಯತ್ ಪ್ರತಿನಿಧಿಗೆ ಕಳಿಸಬೇಕಿದ್ದ ಪ್ರತಿಭಟನಾ ಪತ್ರದ ಕರಡನ್ನು ಸಾಕಷ್ಟು ತಿದ್ದಿ ಹಿಂದಿರುಗಿಸಿದ್ದರು. ಕಿರುಸಹಿ ಹಾಕಿರಲಿಲ್ಲ. ಸಹಿ ಇಲ್ಲವೆಂದರೆ ಮತ್ತೊಮ್ಮೆ ನನ್ನ ಮುಂದೆ ತನ್ನಿ ಎಂದರ್ಥ. ‘ಡೈಲಿ ಮೇಲ್’ ಕೈಗೆ ಜಿನೊವಿಯೆವ್ ಪತ್ರದ ಪ್ರತಿ ಸಿಕ್ಕಿದೆ ಎಂದು ಗೊತ್ತಾದೊಡನೆ ಇಲಾಖೆ ಆ ಕರಡನ್ನು ಹಾಗೆಯೇ ರವಾನಿಸಿಬಿಟ್ಟಿತು. ಪ್ರಧಾನಿಯೇ ಪತ್ರವನ್ನು ನಂಬಿದ್ದಾರೆ ಎಂದು ದೇಶ ಭಾವಿಸಿತು.

ದಾಖಲೆ ಎಂದೊಡನೆ ಕಣ್ಣಿಗೊತ್ತಿಕೊಳ್ಳಬೇಕಿಲ್ಲ. 1924ರ ಕೊನೆಯಲ್ಲಿ ಬ್ರಿಟಿಷ್ ಕಾರ್ಮಿಕ ಸಂಘಗಳ ನಿಯೋಗ ಮಾಸ್ಕೋಗೆ ಹೋಗಿ ಕಾಮಿಂಟರ್ನ್ ವಹಿಗಳನ್ನು ನೋಡಿ, ಇಂಥ ಪತ್ರ ಹೋಗಿಲ್ಲ ಎಂದು ಬಂದಿತು. ಅವರು ಬರುವ ಮುನ್ನ ಆ ಕಡತಗಳನ್ನು ಹಗಲುರಾತ್ರಿ ಶುಚಿ ಮಾಡಲಾಗಿತ್ತು ಎಂದು ಅಲ್ಲಿ ಕೆಲಸ ಮಾಡಿದ್ದ ಐನೊ ಕೂಸಿನೆನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಳಿಸಿದವರ ಜಾವಕವನ್ನೂ ಪಡೆದವರ ಆವಕವನ್ನೂ ಎದುರುಬದುರು ಇಟ್ಟು ನೋಡಬೇಕು ಎನ್ನುವುದು ಇದಕ್ಕೇ. ಬೆನೆಟ್ ಎರಡೂ ಕಡೆ ನೋಡಿದರು. ಪತ್ರ ಬಹುಮಟ್ಟಿಗೆ ಖಚಿತವಾಗಿ ಖೋಟಾ, ಬರೆದವರು ಇಂಥವರೇ ಎನ್ನಲು ಆಧಾರವಿಲ್ಲ ಎಂದು ಅಲ್ಲಿಗೇ ನಿಲ್ಲಿಸಿದರು. ಹಾಗೆ ನಿಲ್ಲಿಸುವುದಕ್ಕೂ ಎದೆಗಾರಿಕೆ ಬೇಕು.

ನಮ್ಮಲ್ಲಿ ಕಥೆ ತಿರುವುಮುರುವು: ಪತ್ರ ಅಸಲಿ, ಆದರೆ ಹೊರಗೆ ಕಾಣದು. 1962ರ ನವೆಂಬರ್ 19ರಂದು, ಚೀನಾ ಸೇನೆ ಬೊಮ್ಡಿಲಾ ದಾಟುತ್ತಿದ್ದಾಗ, ನೆಹರೂ ಅಮೆರಿಕದ ಅಧ್ಯಕ್ಷ ಕೆನಡಿಗೆ ಒಂದೇ ದಿನ ಎರಡು ಪತ್ರ ಬರೆದರು. ಎರಡನೆಯದರಲ್ಲಿ ಸೂಪರ್‌ಸಾನಿಕ್ ಯುದ್ಧವಿಮಾನಗಳ 12 ಸ್ಕ್ವಾಡ್ರನ್ ಬೇಕೆಂದರು, ನಮ್ಮವರು ತರಬೇತಾಗುವವರೆಗೆ ಅಮೆರಿಕನ್ನರೇ ಅವನ್ನು ನಡೆಸಲಿ ಎಂದೂ ಕೋರಿದರು. ಅಲಿಪ್ತ ನೀತಿಯ ಶಿಲ್ಪಿಯಿಂದ ಇಂಥ ಕೋರಿಕೆ! ಸಂಸದ ಸುಧೀರ್ ಘೋಷ್ 1965ರಲ್ಲಿ ರಾಜ್ಯಸಭೆಯಲ್ಲಿ ಈ ವಿಷಯ ಎತ್ತಿದಾಗ ಗದ್ದಲವಾಯಿತು, ಪತ್ರ ಹೊರಬರಲಿಲ್ಲ. ಅದರ ಪೂರ್ಣ ಪಾಠ ಓದುಗರಿಗೆ ಸಿಕ್ಕಿದ್ದು ಸುಮಾರು ಅರ್ಧ ಶತಮಾನದ ಬಳಿಕ, ಬಾಸ್ಟನ್‌ನ ಕೆನಡಿ ಗ್ರಂಥಾಲಯದಿಂದ. ನಮ್ಮ ಪ್ರಧಾನಿಯ ಪತ್ರವನ್ನು ತಾಳೆ ನೋಡಲು ಪಡೆದವರ ಕಪಾಟೇ ಗತಿಯಾಯಿತು.

ಹಳೆಯ ಕಡತಗಳನ್ನು ಪತ್ರಾಗಾರಕ್ಕೆ ಒಪ್ಪಿಸಬೇಕೆನ್ನುವ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಆದರೂ 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರೇ 1962, 1965, 1971ರ ಯುದ್ಧಗಳ ದಾಖಲೆ ತಮ್ಮಲ್ಲಿಲ್ಲ ಎಂದರು. ಕೇಂದ್ರದ 151 ಸಚಿವಾಲಯ, ಇಲಾಖೆಗಳ ಪೈಕಿ ಕಡತ ಕೊಟ್ಟಿದ್ದು ಬರೀ 36. ಈ ಖಾಲಿ ಜಾಗದಲ್ಲೇ ವಾಟ್ಸ್‌ಆ್ಯಪ್ ಪತ್ರಗಳು, ಅಂದರೆ ಅಸಲಿಯೋ ನಕಲಿಯೋ ತಿಳಿಯದೆ ಹರಿದಾಡುವ ಹಳೆಯ ಪತ್ರಗಳು, ಬೆಳೆಯುತ್ತವೆ. ಅಂಥ ಪತ್ರ ಖೋಟಾ ಎಂದು ಹೇಳಬಲ್ಲ ವಹಿಯೂ ಬೀಗದೊಳಗಿದೆ, ಅಸಲಿ ಎಂದು ಹೇಳಬಲ್ಲದ್ದೂ ಅಲ್ಲೇ ಇದೆ. ಗೋಪ್ಯ ಕಡತವನ್ನು ಬಿಚ್ಚಲು ಸರ್ಕಾರಕ್ಕೆ ಅಳುಕಿದ್ದರೆ ಇರಲಿ. ಹಳೆಯ ಆವಕ–ಜಾವಕ ವಹಿಗಳನ್ನೂ ಕಡತಗಳ ಪಟ್ಟಿಯನ್ನೂ ಮೊದಲು ಹೊರಗಿಡಬಹುದು. ತಾರೀಖು, ಕಡತ ಸಂಖ್ಯೆ, ಯಾರಿಂದ ಯಾರಿಗೆ ಎಂಬಷ್ಟು ತಿಳಿದರೆ ಯಾವ ಗಡಿಯ ಭದ್ರತೆಗೂ ಧಕ್ಕೆಯಾಗದು, ಸಂಶೋಧಕರಿಗೆ ಅರ್ಧ ಕೆಲಸ ಮುಗಿದಂತೆ.