ಆ ಪ್ರಶ್ನೆಗೆ ನನ್ನ ಹತ್ರ ಕನ್ನಡ ಇರಲಿಲ್ಲ

ಹೋದ ಸಂಚಿಕೆಯ ಕೊನೆಯಲ್ಲಿ ವಯಾಗ್ರ ಥರದ ಮಾತ್ರೆಗಳ ಬಗ್ಗೆ ಎರಡು ನಿಮಿಷ ಮಾತಾಡಿ ಬಿಟ್ಟುಬಿಟ್ಟಿದ್ದೆ. ಆಮೇಲೆ ಬಂದ ಪ್ರತಿಕ್ರಿಯೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು: "ಮನೆಮಂದಿಯೆಲ್ಲ ಕೂತು ಕೇಳೋ ಕಾರ್ಯಕ್ರಮದಲ್ಲಿ ಇದೆಲ್ಲ ಬೇಕಿತ್ತಾ?" ಬೇಕಿತ್ತು. ಎರಡು ನಿಮಿಷ ಸಾಲದು ಅಂತ ಈಗ ಕೂತು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಮಾತು. ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಬೇಸಿಗೆ ಕಳೆಯೋಕೆ ಅಂತ ಹಾಸನದಿಂದ ನಮ್ಮ ಅತ್ತೆ, ಮಾವ ಬಂದಿದ್ದರು. ಮಾವನಿಗೆ ಆಗ 67. ಶುಗರ್ ಇತ್ತು, ಬಿಪಿ ಇತ್ತು. ಒಂದು ಶನಿವಾರ ರಾತ್ರಿ ಹನ್ನೊಂದೂವರೆ ಹೊತ್ತಿಗೆ "ಎದೆ ಮೇಲೆ ಯಾರೋ ಕೂತಂಗಾಗ್ತಿದೆ" ಅಂದರು. ಮೈಯೆಲ್ಲ ಬೆವರು. 999ಕ್ಕೆ ಫೋನ್ ಮಾಡಿದೆವು.

ಆಂಬ್ಯುಲೆನ್ಸಿನಲ್ಲಿ ಬಂದ ಹೆಣ್ಣುಮಗಳು ಎದೆಗೆ ಇಸಿಜಿ ವೈರು ಅಂಟಿಸುತ್ತಲೇ ಪ್ರಶ್ನೆ ಕೇಳುತ್ತಾ ಹೋದಳು. ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ನೋವು ತೋಳಿಗೆ ಹೋಗ್ತಿದೆಯಾ? ಯಾವ ಔಷಧಿ ಆಗಲ್ಲ? ಬಿಪಿಗೆ ಯಾವ ಮಾತ್ರೆ? ಆಮೇಲೆ ಕೈಯಲ್ಲಿ ಒಂದು ಪುಟ್ಟ ಸ್ಪ್ರೇ ಹಿಡಿದುಕೊಂಡು, ಅದೇ ದನಿಯಲ್ಲಿ ಕೇಳಿದಳು: ಈ ಎರಡು ದಿನದಲ್ಲಿ ವಯಾಗ್ರ ಅಥವಾ ಅಂಥ ಮಾತ್ರೆ ಏನಾದರೂ ತಗೊಂಡಿದ್ದಾರಾ?

ಪಕ್ಕದಲ್ಲಿ ನನ್ನ ಹೆಂಡತಿ, ಅಂದರೆ ಅವರ ಮಗಳು. ಬಾಗಿಲಲ್ಲಿ ಅತ್ತೆ. ನಾನು ಪ್ರತಿ ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುವವನು, ವಿಭಕ್ತಿ ಪ್ರತ್ಯಯ ಎಲ್ಲ ಬಾಯಿಪಾಠ. ಆ ಕ್ಷಣಕ್ಕೆ ನನ್ನ ಬಾಯಿಂದ ಬಂದದ್ದು ಇಷ್ಟೇ: "ಮಾವ, ಬೇರೆ ಏನಾದ್ರೂ ಮಾತ್ರೆ ತಗೊಂಡಿದೀರಾ?" ಅವರು ಇಲ್ಲ ಅಂತ ತಲೆಯಾಡಿಸಿದರು. ನಾನು ಆಕೆ ಕಡೆ ತಿರುಗಿ "ನೋ" ಅಂದೆ.

ನಾನು ಅನುವಾದ ಮಾಡಲಿಲ್ಲ. ಸುಳ್ಳು ಹೇಳಿದೆ.

ವಯಾಗ್ರ ಅನ್ನೋ ಪದಕ್ಕೆ ಅನುವಾದ ಬೇಕಿಲ್ಲವಲ್ಲ, ಅತ್ತೆ ಕಿವಿಗೆ ಅದು ಬಿದ್ದಿತ್ತು. ಬಾಗಿಲಿಂದಲೇ ಅಂದರು: "ತಗೊಂಡಿದಾರೆ. ಸಂಜೆ ತಗೊಂಡ್ರು. ಸೂಟ್‌ಕೇಸಲ್ಲಿ ಸ್ಟ್ರಿಪ್ ಇದೆ. ಹೇಳಿ ಅವರಿಗೆ, ಮರ್ಯಾದೆ ಆಮೇಲೆ ನೋಡ್ಕೊಳೋಣ." ನಾನು ಹೇಳಿದೆ. ಆಕೆ ಮುಖದಲ್ಲಿ ನಗು ಇಲ್ಲ, ಅಚ್ಚರಿ ಇಲ್ಲ. ಸ್ಪ್ರೇ ವಾಪಸ್ ಬ್ಯಾಗಿಗೆ ಹೋಯಿತು. ಆಸ್ಪಿರಿನ್ ಅಗಿಯೋಕೆ ಕೊಟ್ಟು ಆಸ್ಪತ್ರೆಗೆ ಕರಕೊಂಡು ಹೋದರು. ಮಾರನೇ ದಿನ ಸ್ಟೆಂಟ್ ಹಾಕಿದರು. ಮಾವ ಈಗ ಹಾಸನದಲ್ಲಿ ದಿನಾ ವಾಕಿಂಗ್ ಮಾಡಿಕೊಂಡು ಚೆನ್ನಾಗಿದ್ದಾರೆ. ಇದನ್ನ ಬರೀಲಾ ಅಂತ ಕೇಳಿದಾಗ, "ಬರೀರಿ, ಹೆಸರು ಮಾತ್ರ ಬೇಡ" ಅಂದರು.

ನನ್ನ ವಾದ ಇಷ್ಟೇ: ನಮ್ಮ ಜನರಿಗೆ ಆ ಮಾತ್ರೆಗಿಂತ ದೊಡ್ಡ ಅಪಾಯ ಅದನ್ನು ಬಚ್ಚಿಡುವ ಅಭ್ಯಾಸ.

ಆ ಸ್ಪ್ರೇಯಲ್ಲಿ ಏನಿತ್ತು?

ಅದರಲ್ಲಿದ್ದದ್ದು ಗ್ಲಿಸರಿಲ್ ಟ್ರೈನೈಟ್ರೇಟ್. ಎದೆನೋವಿಗೆ ನಾಲಿಗೆ ಕೆಳಗೆ ಹೊಡೆಯೋದು. ನಮ್ಮೂರಲ್ಲಿ ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಸಾರ್ಬಿಟ್ರೇಟ್ ಕೂಡ ಇದೇ ಜಾತಿಯದು. ಇವೆಲ್ಲ ನೈಟ್ರೇಟ್‌ಗಳು. ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲ ಮಾಡುತ್ತವೆ.

ಈಗ ಇನ್ನೊಂದು ಕಡೆ ನೋಡಿ. ವಯಾಗ್ರದ ಒಳಗಿನ ಔಷಧಿ ಸಿಲ್ಡೆನಾಫಿಲ್. ಇದು ಹುಟ್ಟಿದ್ದು ಇದೇ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸ್ಯಾಂಡ್‌ವಿಚ್ ಊರಿನ ಫೈಜರ್ ಪ್ರಯೋಗಾಲಯದಲ್ಲಿ. ಮೊದಲು ಪರೀಕ್ಷೆ ಮಾಡಿದ್ದೂ ಎದೆನೋವಿಗೇ. ಅದಕ್ಕೆ ಅಷ್ಟಾಗಿ ಉಪಯೋಗ ಕಾಣಲಿಲ್ಲ, ಬೇರೊಂದು ಪರಿಣಾಮ ಕಂಡಿತು. 1998ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ನೈಟ್ರಿಕ್ ಆಕ್ಸೈಡ್ ರಕ್ತನಾಳಗಳಿಗೆ ಸಂದೇಶ ಒಯ್ಯುತ್ತೆ ಅಂತ ಕಂಡುಹಿಡಿದ ಮೂವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಎರಡೂ ಒಂದೇ ತೊಟ್ಟಿಗೆ ಕೈ ಹಾಕುತ್ತವೆ. ನಾಳವನ್ನು ಸಡಿಲ ಮಾಡುವ ರಾಸಾಯನಿಕವನ್ನು ತೊಟ್ಟಿಯ ನೀರು ಅಂದುಕೊಳ್ಳಿ. ನೈಟ್ರೇಟ್ ನಲ್ಲಿಯನ್ನು ಜೋರಾಗಿ ಬಿಡುತ್ತೆ. ಸಿಲ್ಡೆನಾಫಿಲ್ ನೀರು ಹೊರಗೆ ಹೋಗೋ ತೂತನ್ನು ಮುಚ್ಚುತ್ತೆ. ಬೇರೆ ಬೇರೆಯಾಗಿ ಮಾಡಿದರೆ ದೇಹ ಸಂಭಾಳಿಸುತ್ತೆ. ಎರಡೂ ಒಟ್ಟಿಗೆ ಆದರೆ ಮೈಯ ನಾಳಗಳೆಲ್ಲ ಸಡಿಲ ಆಗಿ ಬಿಪಿ ಪಾತಾಳಕ್ಕೆ ಇಳಿಯುತ್ತೆ. ಮೊದಲೇ ಕಷ್ಟಪಡುತ್ತಿರುವ ಹೃದಯಕ್ಕೆ ರಕ್ತವೇ ಸಿಗದೆ ಪ್ರಾಣ ಹೋಗಬಹುದು.

ಅದಕ್ಕೇ ಈ ನಿಯಮ: ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಟಡಾಲಾಫಿಲ್ ತಗೊಂಡು 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ನೈಟ್ರೇಟ್ ಔಷಧಿ ಬರೆಸಿಕೊಂಡವರು ಈ ಮಾತ್ರೆಗಳನ್ನು ಮುಟ್ಟುವಂತೇ ಇಲ್ಲ. ಪಾರ್ಟಿಗಳಲ್ಲಿ ಮೂಸೋ ಪಾಪರ್ಸ್ ಕೂಡ ಇದೇ ಕುಲದ್ದು ಅಂತ ಚಿಕ್ಕ ವಯಸ್ಸಿನ ಕೇಳುಗರು ನೆನಪಿಟ್ಟುಕೊಳ್ಳಿ.

"ಎದೆನೋವು ಬಂದ್ರೆ ತಕ್ಷಣ ಸಾರ್ಬಿಟ್ರೇಟ್ ನಾಲಿಗೆ ಕೆಳಗಿಡಿ, ಹತ್ತು ಜನಕ್ಕೆ ಕಳಿಸಿ" ಅನ್ನೋ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತೆ. ಊರಲ್ಲಿ ಎಷ್ಟೋ ಜನ ಅದನ್ನ ಪರ್ಸಲ್ಲಿ ಇಟ್ಟುಕೊಂಡೇ ಓಡಾಡ್ತಾರೆ. ಮಗ ಗಾಬರಿಯಲ್ಲಿ ಅಪ್ಪನ ಬಾಯಿಗೆ ಆ ಮಾತ್ರೆ ಇಡ್ತಾನೆ. ಅಪ್ಪ ಸಂಜೆ ಇನ್ನೊಂದು ಮಾತ್ರೆ ನುಂಗಿದ್ದು ಮಗನಿಗೆ ಗೊತ್ತಿಲ್ಲ. ಹೇಳೋಕೆ ಅಪ್ಪನಿಗೆ ನಾಚಿಕೆ. ನಮ್ಮ ಮನೆಯಲ್ಲಿ ಸ್ಪ್ರೇ ಹಿಡಿದವಳು ಕೇಳೋ ತರಬೇತಿ ಇದ್ದವಳು. ಅಂಥ ಮನೆಯಲ್ಲಿ ಯಾರು ಕೇಳ್ತಾರೆ?

ಹಾಗಾದ್ರೆ ಮಾತ್ರೆ ಕೆಟ್ಟದ್ದಾ?

ಅಲ್ಲ. ಹೆದರಿಸೋಕೆ ನಾನಿದನ್ನ ಬರೀತಿಲ್ಲ. ಸರಿಯಾದ ಜನ ಸರಿಯಾಗಿ ತಗೊಂಡ್ರೆ ಇದು ಒಳ್ಳೇ ಔಷಧಿ. ಎಷ್ಟೋ ದಂಪತಿಗಳ ಬದುಕಿಗೆ ಸಮಾಧಾನ ತಂದಿದೆ. 67ನೇ ವಯಸ್ಸಿಗೆ ಯಾಕೆ ಬೇಕಿತ್ತು ಅಂತ ಕೇಳೋರಿಗೆ, ಅದು ನಿಮಗೆ ಸಂಬಂಧಪಟ್ಟದ್ದಲ್ಲ ಅನ್ನೋದೇ ನನ್ನ ಉತ್ತರ.

ಗೊತ್ತಿರಬೇಕಾದ್ದು ಇಷ್ಟು. ಸಿಲ್ಡೆನಾಫಿಲ್ಲನ್ನು ಸುಮಾರು ಒಂದು ಗಂಟೆ ಮುಂಚೆ ತಗೋಬೇಕು. ಬಯಕೆ ಇಲ್ಲದಿದ್ದರೆ ಮಾತ್ರೆ ತಾನಾಗೇ ಏನೂ ಮಾಡಲ್ಲ. ಹೊಟ್ಟೆ ತುಂಬ ಬಿರಿಯಾನಿ ತಿಂದು ನುಂಗಿದರೆ ಕೆಲಸ ಮಾಡೋದು ತಡ. "ಕೆಲಸ ಮಾಡ್ಲಿಲ್ಲ" ಅಂತ ಇನ್ನೊಂದು ನುಂಗೋ ತಪ್ಪು ಆಗೋದು ಅಲ್ಲೇ. ದಿನಕ್ಕೆ ಒಂದೇ ಸಲ. ಸಾಮಾನ್ಯವಾಗಿ ಶುರು ಮಾಡೋದು 50 ಮಿಲಿಗ್ರಾಂನಿಂದ. ವಯಸ್ಸಾದವರಿಗೆ, ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದವರಿಗೆ 25. ಗೆಳೆಯನಿಗೆ 100 ಸರಿಹೋಯ್ತು ಅಂತ ನಿಮಗೂ ಹೋಗಬೇಕಂತಿಲ್ಲ. ಟಡಾಲಾಫಿಲ್ ಪ್ರಭಾವ 36 ಗಂಟೆವರೆಗೂ ಇರಬಹುದು, ಅಂದರೆ ಅದರ ಅಪಾಯದ ಹೊತ್ತೂ ಉದ್ದ.

ತಲೆನೋವು, ಮುಖ ಕೆಂಪಾಗೋದು, ಮೂಗು ಕಟ್ಟೋದು, ಅಜೀರ್ಣ ಇವು ಸಾಮಾನ್ಯ. ಕೆಲವರಿಗೆ ಸ್ವಲ್ಪ ಹೊತ್ತು ಕಣ್ಣಿಗೆ ಎಲ್ಲ ನೀಲಿಯಾಗಿ ಕಾಣುತ್ತೆ. ಟಡಾಲಾಫಿಲ್ ತಗೊಂಡವರಿಗೆ ಬೆನ್ನು, ಮಾಂಸಖಂಡ ನೋವು ಬರೋದುಂಟು. ಇವೆಲ್ಲ ತಾವಾಗೇ ಹೋಗುತ್ತವೆ. ಆದರೆ ಎದೆನೋವು ಬಂದರೆ, ಕಣ್ಣು ಅಥವಾ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ನಿಮಿರುವಿಕೆ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ, ನೇರ ಎಮರ್ಜೆನ್ಸಿಗೆ ಹೋಗಬೇಕು. ಆ ಕೊನೆಯದನ್ನು ಜೋಕ್ ಮಾಡಿ ನಗೋರು ಬಹಳ ಜನ. ತಡ ಮಾಡಿದರೆ ಶಾಶ್ವತ ಹಾನಿ ಆಗುತ್ತೆ ಅನ್ನೋದು ಜೋಕ್ ಅಲ್ಲ.

ಪ್ರಾಸ್ಟೇಟ್‌ಗೆ ಅಂತ ಟ್ಯಾಮ್ಸುಲೋಸಿನ್, ಡಾಕ್ಸಾಜೋಸಿನ್ ತಗೊಳ್ಳುವ ಹಿರಿಯರು ನಮ್ಮಲ್ಲಿ ಬಹಳ. ಅದರ ಜೊತೆ ಇದೂ ಸೇರಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಕೆಲವು ಆಂಟಿಬಯಾಟಿಕ್, ಫಂಗಸ್ ಔಷಧಿ, ನಮ್ಮ ಚಕ್ಕೋತದ ನೆಂಟ ಗ್ರೇಪ್‌ಫ್ರೂಟಿನ ರಸ, ಇವು ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ಏನೇನು ತಗೋತಿದ್ದೀರಿ ಅನ್ನೋ ಪೂರ್ತಿ ಪಟ್ಟಿ ನೋಡಿದವರು ಮಾತ್ರ ಇದನ್ನೆಲ್ಲ ಹಿಡಿಯೋಕೆ ಸಾಧ್ಯ.

ಗೋಡೆ ಬರಹ ಕಲಿಸಿದ ಕನ್ನಡ

ಈ ವಿಷಯಕ್ಕೆ ನಮಗೆ ಯಾರು ಭಾಷೆ ಕಲಿಸಿದ್ದು? ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆ. "ಗುಪ್ತರೋಗ, ಲೈಂಗಿಕ ದೌರ್ಬಲ್ಯ, ಕೂಡಲೇ ಸಂಪರ್ಕಿಸಿ" ಅನ್ನೋ ಪೋಸ್ಟರ್. ನನ್ನ ತಲೆಮಾರಿನ ಗಂಡಸರಿಗೆ ಅಲ್ಲಿಂದ ಸಿಕ್ಕ ಪದ "ಗುಪ್ತ". ಇನ್ನು ಬೈಗುಳದಿಂದ ಸಿಕ್ಕ ಪದ "ನಪುಂಸಕ". ಒಂದು ಬಚ್ಚಿಡು ಅನ್ನುತ್ತೆ, ಇನ್ನೊಂದು ನೀನು ಗಂಡಸೇ ಅಲ್ಲ ಅನ್ನುತ್ತೆ. ಶುಗರ್ ಬಂದವನನ್ನು ಹಾಗಂತೀವಾ? ಎರಡೂ ಎಷ್ಟೋ ಸಲ ಒಂದೇ ಕಾಯಿಲೆಯ ಎರಡು ಮುಖ.

ಈ ಗುಪ್ತವೇ ಬಂಡವಾಳ ಆದವರಿದ್ದಾರೆ. "ಪೂರ್ತಿ ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ" ಅನ್ನೋ ಕ್ಯಾಪ್ಸೂಲ್, ಪುಡಿ, ಲೇಹ್ಯ. ಗಲ್ಫ್‌ನಲ್ಲಿರೋ ಗೆಳೆಯರಿಗೆ ಆ ಜೇನುತುಪ್ಪದ ಪುಟ್ಟ ಪ್ಯಾಕೆಟ್‌ಗಳು ಗೊತ್ತಿರಬಹುದು. ಇಂಥ ಜೇನುತುಪ್ಪದಲ್ಲಿ ಹೆಸರು ಹೇಳದೆ ಸಿಲ್ಡೆನಾಫಿಲ್, ಟಡಾಲಾಫಿಲ್ ಬೆರೆಸಿದ್ದಾರೆ ಅಂತ 2022ರಲ್ಲಿ ಎಫ್‌ಡಿಎ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕೊಟ್ಟಿತು. ಎಷ್ಟು ಮಿಲಿಗ್ರಾಂ ಅಂತ ತಿನ್ನೋನಿಗೆ ಗೊತ್ತಿಲ್ಲ. "ವಯಾಗ್ರ ತಗೊಂಡ್ರಾ?" ಅಂದ್ರೆ ಅವನು ಪ್ರಾಮಾಣಿಕವಾಗೇ "ಇಲ್ಲ, ಜೇನುತುಪ್ಪ ತಿಂದೆ" ಅಂತಾನೆ.

ಸೂಟ್‌ಕೇಸ್ ಸ್ಟ್ರಿಪ್ಪಿನ ವಿಷಯವೂ ಹೇಳಿಬಿಡ್ತೀನಿ. ಭಾರತದಲ್ಲಿ ಇವು ಶೆಡ್ಯೂಲ್ ಎಚ್ ಔಷಧಿಗಳು, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾವನಿಗೆ ಮೆಡಿಕಲ್ ಸ್ಟೋರಿನವನು ಪ್ರಶ್ನೆಯನ್ನೇ ಕೇಳದೆ ಕಾಗದದಲ್ಲಿ ಸುತ್ತಿ ಕೊಟ್ಟಿದ್ದ. ಊರಿಂದ ಬರೋ ಗೆಳೆಯನ ಕೈಲಿ ಇದನ್ನ ತರಿಸಿಕೊಳ್ಳೋರು ಇಲ್ಲೂ ಇದ್ದಾರೆ. ಅಗ್ಗ, ಯಾರಿಗೂ ಮುಖ ತೋರಿಸಬೇಕಿಲ್ಲ ಅನ್ನೋದು ಅವರ ವಾದ. ಬ್ರಿಟನ್ನಿನಲ್ಲಿ 2018ರಿಂದ 50 ಮಿಲಿಗ್ರಾಂ ಸಿಲ್ಡೆನಾಫಿಲ್ ಚೀಟಿ ಇಲ್ಲದೇ ಫಾರ್ಮಸಿಯಲ್ಲಿ ಸಿಗುತ್ತೆ, ಸ್ವಾಮಿ. ಫಾರ್ಮಸಿಸ್ಟ್ ಒಳಗಿನ ಪುಟ್ಟ ಕೋಣೆಗೆ ಕರೆದು ಕೆಲವು ಪ್ರಶ್ನೆ ಕೇಳ್ತಾರೆ: ಹೃದಯ ಹೇಗಿದೆ, ಯಾವ ಮಾತ್ರೆ ತಗೋತೀರಿ, ಮೆಟ್ಟಿಲು ಹತ್ತಿದರೆ ಎದೆ ನೋಯುತ್ತಾ. ಸೂಟ್‌ಕೇಸಿನ ಸ್ಟ್ರಿಪ್ಪಿನಲ್ಲಿ ಮಾತ್ರೆ ಅದೇ ಇರಬಹುದು, ಆ ಪ್ರಶ್ನೆಗಳು ಮಾತ್ರ ಇರಲ್ಲ.

ಮೂರು ವರ್ಷದ ಮೌನ

ಆಸ್ಪತ್ರೆಯಲ್ಲಿ ಮಾವ ನನಗೊಂದು ಮಾತು ಹೇಳಿದರು. ಆ ತೊಂದರೆ ಶುರುವಾಗಿ ಮೂರು ವರ್ಷ ಆಗಿತ್ತಂತೆ. ಪ್ರತಿ ತಿಂಗಳು ಶುಗರ್ ಡಾಕ್ಟರ ಹತ್ತಿರ ಹೋಗುತ್ತಿದ್ದರೂ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಆ ಅಂಗದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ಹಾಗಾಗಿ ನಾಳಗಳು ಕೆಡೋಕೆ ಶುರುವಾದರೆ ಅದರ ಸುಳಿವು ಎಷ್ಟೋ ಸಲ ಮೊದಲು ಕಾಣೋದು ಅಲ್ಲೇ, ಎದೆನೋವಿಗೆ ಕೆಲವು ವರ್ಷ ಮುಂಚೆ. ದಕ್ಷಿಣ ಏಷ್ಯಾದ ನಮಗೆ ಶುಗರ್, ಹೃದಯದ ಕಾಯಿಲೆ ಎರಡರ ಅಪಾಯವೂ ಹೆಚ್ಚು. ಇಲ್ಲಿನ ಡಾಕ್ಟರುಗಳು ತೂಕ ಹೆಚ್ಚಾಯ್ತು ಅನ್ನೋ ಬಿಎಂಐ ಗೆರೆಯನ್ನು ಬಿಳಿಯರಿಗೆ 25ಕ್ಕೆ ಎಳೆದರೆ ನಮಗೆ 23ಕ್ಕೇ ಎಳೀತಾರೆ. ಮೂರು ವರ್ಷದ ಹಿಂದೆ ಮಾವ ಒಂದು ಮಾತು ಹೇಳಿದ್ದಿದ್ದರೆ ಡಾಕ್ಟರು ಹೃದಯವನ್ನೂ ನೋಡುವ ಸಾಧ್ಯತೆ ಇತ್ತು. ಮಾತ್ರೆ ಆ ಸುಳಿವನ್ನು ಮುಚ್ಚಿಹಾಕಿತು.

"ಇದು ಖಾಸಗಿ ವಿಷಯ" ಅಂತ ಬರೆದವರಿಗೆ ನನ್ನ ಉತ್ತರ: ಖಾಸಗಿ ಬೇರೆ, ಗುಪ್ತ ಬೇರೆ. ಖಾಸಗಿ ಅಂದರೆ ಯಾರಿಗೆ ಹೇಳಬೇಕೋ ಅವರಿಗೆ ಹೇಳೋದು: ಡಾಕ್ಟರಿಗೆ, ಫಾರ್ಮಸಿಸ್ಟಿಗೆ, ಜೊತೆಗಿರೋರಿಗೆ. ಗುಪ್ತ ಅಂದರೆ ಯಾರಿಗೂ ಹೇಳದಿರೋದು. ಅವತ್ತು ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿತ್ತು, ಅದಕ್ಕೇ ಮಾವ ಉಳಿದರು. ಆ ಒಬ್ಬರು ಇಂಥದ್ದರ ಬಗ್ಗೆ ಮಾತೇ ಆಡಬಾರದು ಅಂತ ನಾವು ತೀರ್ಮಾನ ಮಾಡಿಟ್ಟಿದ್ದ ಹೆಂಗಸು.

ಕೊನೆಗೆ, ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲೀತಿರೋರಿಗೆ ಒಂದು ಮಾತು. ಅಜ್ಜಿ, ತಾತ, ಅಪ್ಪ, ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಮಾತು ತಿರುಗಿಸೋ ಕೆಲಸ ನಿಮ್ಮ ತಲೆಗೇ ಬರುತ್ತೆ. ಬ್ರಿಟನ್ನಿನಲ್ಲಿದ್ದರೆ ಎನ್‌ಎಚ್‌ಎಸ್‌ನಲ್ಲಿ ದುಭಾಷಿ ಬೇಕು ಅಂತ ಕೇಳಿ, ದುಡ್ಡು ಕೊಡಬೇಕಿಲ್ಲ. ಇಂಥ ವಿಷಯಕ್ಕೆ ಮಕ್ಕಳಿಗಿಂತ ಅಪರಿಚಿತರೇ ವಾಸಿ. ಆದರೆ ಮಧ್ಯರಾತ್ರಿ ಮನೆಯ ಹಾಲ್‌ನಲ್ಲಿ ದುಭಾಷಿ ಇರಲ್ಲ, ನೀವಿರ್ತೀರಿ. ಅದಕ್ಕೆ ಈ ವಾಕ್ಯ ಕಲಿತಿಟ್ಟುಕೊಳ್ಳಿ:

"ಅಪ್ಪಾ, ಈ ಎರಡು ದಿನದಲ್ಲಿ ವಯಾಗ್ರ ಥರದ ಮಾತ್ರೆಯಾಗಲಿ, ಶಕ್ತಿಗೆ ಅಂತ ಪುಡಿ, ಲೇಹ್ಯ, ಜೇನುತುಪ್ಪ ಆಗಲಿ ತಗೊಂಡಿದ್ದೀರಾ? ನಾಚಿಕೆ ಬೇಡ. ಈ ಔಷಧಿ ಕೊಡೋಕೆ ಮುಂಚೆ ಅವರಿಗೆ ಗೊತ್ತಾಗಲೇಬೇಕು."

ಜೋರಾಗಿ ಎರಡು ಸಲ ಹೇಳಿ ನೋಡಿ. ಮೊದಲ ಸಲ ನಾಲಿಗೆ ತಡವರಿಸುತ್ತೆ, ನನಗೂ ತಡವರಿಸಿತ್ತು. ಈಗ ನಮ್ಮ ಭಾನುವಾರದ ತರಗತಿಯ ದೊಡ್ಡ ಮಕ್ಕಳಿಗೆ, ಹದಿನಾರು ದಾಟಿದವರಿಗೆ, ಆಸ್ಪತ್ರೆ ಕನ್ನಡ ಅಂತಲೇ ಒಂದು ಪಾಠ ಇಟ್ಟಿದ್ದೇನೆ. ಈ ವಾಕ್ಯ ಅದರಲ್ಲಿದೆ. ತರಗತಿಯಲ್ಲಿ ನಗ್ತಾರೆ. ನಗಲಿ, ಬಾಯಿಗೆ ಬಂದರೆ ಸಾಕು.